ಕಸ್ತೂರಿಯ ಕುದುರೆಗಳು

ನಮ್ಮ ಊರಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಮನುಷ್ಯರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ಹೊತ್ತು ಕುದುರೆಗಳದು. ನಿಂತಲ್ಲೇ ಒಂದು ಹಿಂಗಾಲು ಸಡಿಲಬಿಟ್ಟು, ಕೆಳತುಟಿ ಜೋಲಿಸಿಕೊಂಡು ಅವು ತೂಕಡಿಸತೊಡಗಿದವೆಂದರೆ ಒಂದೊಂದೇ ಲಾಯದಿಂದ ಮಾತು ಹೊರಡುತ್ತದೆ. ದನಿ ಕುದುರೆಯದಲ್ಲ, ಮನುಷ್ಯರದು. ಯಾವ ಕುದುರೆಗೆ ಯಾರ ಮೇಲೆ ಜೀವವೋ ಅವರ ದನಿಯಲ್ಲಿ, ಅವರು ಎಂದೋ ಅದರ ಮುಂದೆ ಆಡಿದ ಮಾತನ್ನೇ ಅದು ನಿದ್ದೆಯಲ್ಲಿ ಆಡುತ್ತದೆ. ಗಾಣದ ಈರಪಯ್ಯ ಸತ್ತು ಎಷ್ಟೋ ಕಾಲವಾಯಿತು. ಅವನ ಕಂದು ಕುದುರೆ ಮಾತ್ರ ಇವತ್ತಿಗೂ "ಎಣ್ಣಿ ಸೋರಾಕತ್ತೈತಿ, ಯಾರರ ನೋಡ್ರೋ" ಎಂದು ಗದರುತ್ತದೆ. ಅವನ ಸೊಸೆ ಉಣ್ಣುವ ತಾಟು ಬಿಟ್ಟು ಎದ್ದು, ತಲೆ ಮೇಲೆ ಸೆರಗೆಳೆದುಕೊಂಡು, ಗಾಣದ ಕೆಳಗೆ ಇಣುಕಿ ಬಂದು ಮತ್ತೆ ಊಟಕ್ಕೆ ಕೂರುತ್ತಾಳೆ. ದರ್ಜಿ ನಿಂಗೋಜಿಗೆ ತೊದಲು. ಅವನ ಕುದುರೆಯೂ ತೊದಲುತ್ತದೆ.

ಕುದುರೆಯೊಂದು ಉಳಿಯುವುದೂ ಅಳಿಯುವುದೂ ಈ ಮಾತಿನ ಮೇಲೇ. ಸುತ್ತಲ ಊರುಗಳಲ್ಲಿ ಯಾರಿಗೂ ಬೇಡವಾದ ಕುದುರೆಗಳನ್ನು ತಂದು ಊರ ಕಮಾನಿನ ಪಕ್ಕದ ನಮ್ಮ ಲಾಯದಲ್ಲಿ ಕಟ್ಟಿ ಹೋಗುತ್ತಾರೆ. ಟಾಂಗಾ ಎಳೆದೆಳೆದು ಸವೆದವು, ರೇಸಿನಲ್ಲಿ ಕಾಲು ಮುರಿದುಕೊಂಡವು, ಕಣ್ಣು ಹೋದವು. ಅಮಾವಾಸ್ಯೆಗೊಮ್ಮೆ ಲಾರಿ ಸಂಗಣ್ಣ ಬಂದು ಅವನ್ನು ಕಸಾಯಿಖಾನೆಗೆ ಒಯ್ಯುತ್ತಾನೆ. ಆದರೆ ನಮ್ಮೂರಿನವರೊಬ್ಬರ ದನಿ ಹಿಡಿದ ಕುದುರೆಯನ್ನು ಲಾರಿ ಹತ್ತಿಸುವಂತಿಲ್ಲ. ಅದರ ಕುತ್ತಿಗೆ ಕೊಯ್ದರೆ ಆ ಮನುಷ್ಯರ ಕುತ್ತಿಗೆಯನ್ನೇ ಕೊಯ್ದಂತೆ ಎಂದು ನಮ್ಮವರು ನಂಬಿದ್ದಾರೆ. ದನಿ ಯಾರದೋ ಕುದುರೆ ಅವರದು, ಅವರೇ ಸಾಕಬೇಕು. ಹಾಗಾಗಿ ಕುದುರೆಯ ತಂಟೆಯೇ ಬೇಡವೆನ್ನುವವರು ನಮ್ಮ ಲಾಯದ ಮುಂದೆ ಹಾಯುವಾಗ ಬಾಯಿಗೆ ಅರಿವೆ ಅಡ್ಡ ಹಿಡಿದುಕೊಂಡು ಓಡುತ್ತಾರೆ. ನಮ್ಮೂರಿನವನೇ ಆದ ಸಂಗಣ್ಣನಂತೂ ಲಾಯದಲ್ಲಿ ತುಟಿ ಬಿಚ್ಚುವುದಿಲ್ಲ. ಏನಿದ್ದರೂ ಕೈಸನ್ನೆ, ಇಲ್ಲವೆ ಸಿಳ್ಳು. ಒಮ್ಮೆ ಕಾಲು ತುಳಿಸಿಕೊಂಡು ಬಾಯಿಗೆ ಬಂದಂತೆ ಬೈದಿದ್ದಕ್ಕೆ ಒಂದು ಮುದಿ ಕುದುರೆ ಅವನ ದನಿಯನ್ನೇ ಹಿಡಿದುಬಿಟ್ಟಿತು. ಈಗ ಮನೆಯಲ್ಲಿ ಅವನೂ ಅದೂ ಸೇರಿ ಹೆಂಡತಿಯನ್ನು ಚಹಾ ಕೇಳುತ್ತಾರೆ.

ನಾನು ದುಂಡವ್ವ. ಹೆಸರಷ್ಟೇ ದುಂಡು, ಮೈ ನೋಡಿದರೆ ಒಣಕಡ್ಡಿ. ಈ ಲಾಯ ನನ್ನ ಅತ್ತೆ ಕಟ್ಟಿಸಿದ್ದು. ಬಂದ ಕುದುರೆಯ ಹುಣ್ಣು ತೊಳೆದು, ಗೊರಸು ಕೆತ್ತಿ, ಲಾಳ ಹೊಡೆದು, ಹುರುಳಿ ಬೇಯಿಸಿ ಹಾಕಿ ಅದು ಕುದುರೆಯಂತೆ ಕಾಣುವ ಹಾಗೆ ಮಾಡುವುದು ನಮ್ಮ ಕೆಲಸ. ಆಮೇಲೆ ಕುದುರೆ ಬೇಕೆನ್ನುವವರನ್ನು ಹುಡುಕಿ ಕರೆತಂದು ಅದರ ಮುಂದೆ ಕೂರಿಸಿ ಮಾತಾಡಿಸಬೇಕು. ಸುಲಭವಲ್ಲ. ಬರುವಾಗ ಅವು ಹಳೆಯ ಒಡೆಯರ ದನಿಯನ್ನೇ ತಂದಿರುತ್ತವೆ. ತನ್ನನ್ನು ಕಸಾಯಿಖಾನೆಗೆ ಮಾರಿದವನ ದನಿಯಲ್ಲಿ "ನಡಿ ನನ್ನ ರಾಜಾ, ನಡಿ" ಎಂದು ಕನವರಿಸುವ ಕುದುರೆಯನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ. ಪರವೂರಿನ ದನಿ ಲೆಕ್ಕಕ್ಕಿಲ್ಲ. ಅದನ್ನು ಮರೆತು, ಅಮಾವಾಸ್ಯೆಯೊಳಗೆ ಊರಿನ ಯಾರದಾದರೂ ದನಿ ಹಿಡಿದರೆ ಬದುಕಿತು. ಎಷ್ಟೋ ಕುದುರೆಗಳಿಗೆ ನಾನು ಹೀಗೆ ಮನೆ ಕಾಣಿಸಿದ್ದೇನೆ. ಹಗ್ಗ ಅವರ ಕೈಗೆ ಕೊಟ್ಟವಳು ತಿರುಗಿಯೂ ನೋಡದೆ ಒಳಗೆ ಬಂದು ಸಗಣಿ ಬಾಚುತ್ತಿದ್ದೆ.

ಅಂಥವಳ ಮನಸ್ಸು ಕೆಡಿಸಿದವಳು ಕಸ್ತೂರಿ. ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಅಣ್ಣ ತಮ್ಮ ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಮೇಲೆ ಈ ಮನೆಗೆ, ಈ ಲಾಯಕ್ಕೆ ನಾವಿಬ್ಬರೇ ಉಳಿದೆವು. ಕೆಲಸದಲ್ಲಿ ಅವಳೇನೂ ಕಳ್ಳಿಯಲ್ಲ, ಮನೆಯ ಒಳಗಿನದೆಲ್ಲ ಅವಳೇ ನೋಡುತ್ತಾಳೆ. ಆದರೆ ಲಾಯದಲ್ಲಿ ಅವಳು ಮಾಡುವುದೇನು? ಮೊರದ ತುಂಬ ಬಳ್ಳೊಳ್ಳಿ ಹಾಕಿಕೊಂಡು ಬಂದು ಹೊಟ್ಟಿನ ಚೀಲದ ಮೇಲೆ ಕೂರುತ್ತಾಳೆ. ಒಂದೊಂದೇ ಎಸಳು ಸುಲಿಯುತ್ತ ಬಾಯಿಗೆ ಬಂದದ್ದು ಮಾತಾಡುತ್ತಾಳೆ. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದದ್ದು, ಪಕ್ಕದ ಮನೆ ಬೆಕ್ಕು ಮರಿ ಹಾಕಿದ್ದು, ರವಿಕೆ ಬಿಗಿಯಾದದ್ದು. ನಾನು ಅತ್ತ ಕೀವು ಹಿಂಡಿ ಹುಳ ತೆಗೆಯುತ್ತಿದ್ದರೆ ಕುದುರೆಯ ಕಿವಿ ಇತ್ತ ಅವಳ ಕಡೆಗೆ. ವಾರ ಕಳೆಯುವುದರೊಳಗೆ ಅದು ಮಧ್ಯಾಹ್ನದ ನಿದ್ದೆಯಲ್ಲಿ ಕಸ್ತೂರಿಯ ದನಿಯಲ್ಲಿ "ಉಪ್ಪ ಕಡಿಮಿ ಆಗೇತಿ ನೋಡ" ಎನ್ನುತ್ತಿತ್ತು. ಅಲ್ಲಿಗೆ ಅದು ಕಸ್ತೂರಿಯದಾಯಿತು.

ಹೀಗೇ ಆಗಿ ಆಗಿ ನಮ್ಮ ಲಾಯದ ಮುಕ್ಕಾಲು ಪಾಲು ಅವಳ ಕುದುರೆಗಳೇ ತುಂಬಿಕೊಂಡವು. ಮಧ್ಯಾಹ್ನ ನಾನು ರೊಟ್ಟಿ ಮುರಿಯುತ್ತ ಕೂತರೆ ನಾಲ್ಕೂ ದಿಕ್ಕಿನಿಂದ ಕಸ್ತೂರಿ. ಆ ಮೂಲೆಯಿಂದ ಕಸ್ತೂರಿ ನಗುತ್ತಾಳೆ, ಈ ಗೂಟದಿಂದ ಕಸ್ತೂರಿ "ಬಾರವ್ವಾ ಬಾ, ಒಂದೀಟು ಕುಂದ್ರು" ಅನ್ನುತ್ತಾಳೆ, ಹಿಂದಿನಿಂದ ಕಸ್ತೂರಿ ಆಕಳಿಸುತ್ತಾಳೆ. ನಿಜವಾದ ಕಸ್ತೂರಿ ಎದುರಿಗೆ ಕೂತು ಏನೂ ಕೇಳಿಸದವಳಂತೆ ಮಜ್ಜಿಗೆ ಕುಡಿಯುತ್ತಿರುತ್ತಾಳೆ. ಇಷ್ಟು ಕುದುರೆಗಳ ಗಾಯ ಒಣಗಿಸಿದ್ದು ಈ ಕೈ. ಆದರೆ ಒಂದೇ ಒಂದು ಕುದುರೆ, ಹೋಗಲಿ ಒಂದು ಕುರುಡು ಕುದುರೆ, ನನ್ನ ದನಿಯಲ್ಲಿ ಒಂದು ಮಾತು ಆಡಿದ್ದಿಲ್ಲ. ಹೊಟ್ಟೆಕಿಚ್ಚು ಅನ್ನಿ, ಅದಕ್ಕಿಂತ ದೊಡ್ಡ ಶಬ್ದವಿದ್ದರೆ ಅದನ್ನೇ ಅನ್ನಿ.

ಆಗ ಬಂದದ್ದು ಬೂದಿ ಬಣ್ಣದ ಒಂದು ಹೆಣ್ಣು ಕುದುರೆ. ಮದುವೆಯ ಮೆರವಣಿಗೆಯಲ್ಲಿ ಮದುಮಕ್ಕಳನ್ನು ಹೊತ್ತು ತಿರುಗಿದ್ದು. ಯಾವನೋ ಭಾರಿ ಆಸಾಮಿಯನ್ನು ಹೊತ್ತು ಮುಗ್ಗರಿಸಿ, ಅವನನ್ನು ಎಲ್ಲರೆದುರು ಗಟಾರಕ್ಕೆ ಕೆಡವಿತಂತೆ. ಅಪಶಕುನವೆಂದು ಹೊಡೆದು ಅಟ್ಟಿದ್ದರು. ಹಣೆಯಲ್ಲಿ ಇನ್ನೂ ಕನ್ನಡಿಯ ಚೂರು ಅಂಟಿತ್ತು. ಮುಂಗಾಲಿನ ಗೊರಸು ಕೊಳೆತು ನಾರುತ್ತಿತ್ತು. ಬೂದವ್ವ ಎಂದು ಹೆಸರಿಟ್ಟೆ. ಮೊದಲ ಮಧ್ಯಾಹ್ನ ಅದು ತೂಕಡಿಸುವುದನ್ನೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ತುಟಿ ಜೋತಿತು, ಕಿವಿ ಬಾಗಿತು, ಮಾತಿಲ್ಲ. ಮರುದಿನವೂ ಇಲ್ಲ. ಹುಟ್ಟಿದಾಗಿನಿಂದ ಬ್ಯಾಂಡಿನ ಗದ್ದಲದಲ್ಲೇ ಬಾಳಿದ್ದಕ್ಕೆ ಯಾರ ದನಿಯೂ ಅದರ ಕಿವಿಗೆ ಇಳಿದಿರಲಿಲ್ಲವೇನೋ. ಹಳೆಯ ಒಡೆಯನೂ ಇಲ್ಲ, ಹೊಸಬನೂ ಇಲ್ಲ. ಒಳಗೆಲ್ಲ ಖಾಲಿ. ಇದು ನನಗೆಂದೇ ಬಂದದ್ದು ಎನಿಸಿತು.

ಅಷ್ಟರಲ್ಲಿ ಕಸ್ತೂರಿ ಮೊರ ಹಿಡಿದುಕೊಂಡು ಬಂದೇ ಬಂದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಇನ್ನ ಮ್ಯಾಲೆ ನೀ ಈ ಕಡೆ ಬರಬ್ಯಾಡ" ಎಂದೆ.

"ಯಾಕ ಯಕ್ಕಾ? ಏನಾತು?"

"ಜಾಗಾ ಎಲ್ಲೈತಿ? ಬಂದದ್ದೆಲ್ಲಾ ನಿನ್ನ ದನಿ ಹಿಡದರ ಕಟ್ಟೂದೆಲ್ಲಿ, ನನ್ನ ತಲಿ ಮ್ಯಾಲೇನ? ಇದಕ್ಕ ಬ್ಯಾರೆ ಮನಿ ನೋಡತೇನಿ."

"ಯಾರ ಮನಿ?"

"ಯಾರದೋ ಒಂದು. ನಿನಗ್ಯಾಕ ಬೇಕು?"

ಅವಳು ನನ್ನ ಭುಜದ ಮೇಲಿಂದ ಬೂದವ್ವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ತುಟಿಯ ತುದಿಯಲ್ಲಿ ನಗು. "ನಿನ್ನ ಮನಸಿನಾಗ ಏನೈತಿ ಅಂತ ನನಗ ತಿಳಿಯಂಗಿಲ್ಲ ಅನಕೊಂಡಿಯೇನ? ನಿನ್ನ ದನಿ ಹಿಡೀಲಿ ಅಂತ, ಹೌದಿಲ್ಲೋ? ಹಿಡೀಲೆವ್ವಾ, ನನಗೇನ ಬ್ಯಾಸರಿಲ್ಲ. ಆದ್ರ ಹುಟ್ಟಿದಾಗಿಂದ ಬಾಯಾಗ ಲಾಳದ ಮೊಳಿ ಕಚಗೊಂಡ ನಿಂತೀಯಲ್ಲ, ಯಾವ ಕುದುರಿ ಹೆಂಗ ಹಿಡೀಬೇಕ ನಿನ್ನ ದನಿ? 'ಹ್ಞೂಂ' 'ಹ್ಞೂಂ' ಅನ್ನೂದು ಬಿಟ್ರ ನೀ ಏನ ಮಾತಾಡತಿ ಅವಕ್ಕ?"

ಕೈಯಲ್ಲಿದ್ದ ಲಾಳದ ಮೊಳೆಗಳನ್ನು ನನಗೇ ಅರಿವಿಲ್ಲದೆ ಮತ್ತೆ ಬಾಯಿಗಿಟ್ಟುಕೊಂಡಿದ್ದೆ. ಅವಳು ಮೊರವನ್ನು ಸೊಂಟಕ್ಕಿಟ್ಟುಕೊಂಡು ಹೊರಟುಹೋದಳು, ಅದೂ ಜಗಳವಾಡಿ ಸೋತವಳಂತಲ್ಲ, ಪೇಟೆಗೆ ಹೋಗುವವಳಂತೆ. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಗೊರಸು ಹಿಡಿದು ಕೂತವಳಿಗೆ ಮೊಳೆ ಇಟ್ಟುಕೊಳ್ಳಲು ತುಟಿಯ ನಡುವಲ್ಲದೆ ಬೇರೆ ಜಾಗವಿಲ್ಲ. ಚಿಕ್ಕವಳಿದ್ದಾಗ ಸೊಸೆಯಾಗಿ ಬಂದಂದಿನಿಂದ ಇದ್ದ ರೂಢಿ. ಮೊಳೆ ಇಲ್ಲದಾಗಲೂ ಲಾಯಕ್ಕೆ ಕಾಲಿಟ್ಟರೆ ತುಟಿ ತಾನಾಗಿ ಬಿಗಿದುಕೊಳ್ಳುತ್ತಿತ್ತು.

ಅವತ್ತೇ ಮೊಳೆಗಳನ್ನೆಲ್ಲ ಡಬ್ಬಿಗೆ ಹಾಕಿ ಬೂದವ್ವನ ಮುಂದೆ ಹೊಟ್ಟಿನ ಚೀಲ ಎಳೆದುಕೊಂಡು ಕೂತೆ. ಮಾತಾಡಬೇಕು. ಏನು ಮಾತಾಡಬೇಕು? "ನೀರ ಕುಡಿ" ಎಂದೆ. ಕುಡಿಯಿತು. "ಇವತ್ತ ಬಿಸಲ ಬಾಳ" ಎಂದೆ. ಅದು ನನ್ನನ್ನು ನೋಡಿತು. ಮುಂದೆ ದಾರಿಯೇ ಕಾಣಲಿಲ್ಲ. ಕುದುರೆಯ ಮುಂದೆ ನಾಚಿಕೆಯಿಂದ ಬೆವರುವ ಮುದುಕಿಯನ್ನು ಯಾರಾದರೂ ಕಂಡಿದ್ದಾರೆಯೇ? ಕಸ್ತೂರಿಯಂತೆ ಉಪ್ಪಿಟ್ಟಿನ ವಿಷಯ ಎತ್ತಿದೆ, ನನ್ನ ಬಾಯಲ್ಲಿ ಅದು ಅಡಿಗೆ ಹೇಳಿಕೊಟ್ಟಂತೆ ಕೇಳಿಸಿತು. ಬೂದವ್ವ ಬಾಲ ಬೀಸಿ ನೊಣ ಓಡಿಸಿಕೊಂಡಿತು.

ಎರಡನೆಯ ದಿನವೋ ಮೂರನೆಯ ದಿನವೋ ಹಾಗೇ ತಡವರಿಸುತ್ತ ಕೂತಿದ್ದಾಗ ಕಸ್ತೂರಿ ಅಂಗಳದಲ್ಲಿ ಹಾದುಹೋದಳು. ನನ್ನ ಮಾತಿಗೆ ಕಟ್ಟುಬಿದ್ದು ಲಾಯದ ಕಡೆ ತಿರುಗಿಯೂ ನೋಡದೆ ಹೋದಳು. ಹಸಿರು ಸೀರೆ. "ಅಕಿ ನಡಿಗಿ ನೋಡ" ಎಂದೆ ಬೂದವ್ವನಿಗೆ. ಅದರ ಕಿವಿ ನನ್ನ ಕಡೆ ತಿರುಗಿತು. ಅಷ್ಟೇ ಸಾಕಾಯಿತು, ಕಟ್ಟೆ ಒಡೆದ ಹಾಗೆ ಮಾತು ಹರಿಯತೊಡಗಿತು. ಅವಳು ಮದುವೆಯಾಗಿ ಬಂದ ದಿನದಿಂದ ಹಿಡಿದು ಹೇಳಿದೆ. ಅವಳ ಕೂದಲು, ಅವಳ ಮೂಗು, ರೊಟ್ಟಿ ಬಡಿಯುವಾಗ ಅವಳ ಬಳೆ ಮಾಡುವ ಸದ್ದು. ಅತ್ತೆ ಸಾಯುವಾಗ ಕೈ ಹಿಡಿದದ್ದು ಅವಳದು, ನನ್ನದಲ್ಲ. ಬೀದಿಯ ಜನ ಕಷ್ಟಸುಖಕ್ಕೆ ಕರೆಯುವುದು ಅವಳನ್ನು, ಲಾಳಕ್ಕೆ ಮಾತ್ರ ನನ್ನನ್ನು. ಬೈದೆ, ಶಪಿಸಿದೆ, ಅವಳ ಹಾಗೆ ನಡೆದು ತೋರಿಸಿದೆ. ಗೊರಸಿಗೆ ಬೇವಿನೆಣ್ಣೆ ಹಚ್ಚುವಾಗಲೂ ಮಾತು, ಮೈ ಉಜ್ಜುವಾಗಲೂ ಮಾತು. ಬೂದವ್ವ ಮೇವು ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿತ್ತು. ಅಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಕೇಳಿಸಿಕೊಳ್ಳುವ ಒಂದು ಜೀವ ಸಿಕ್ಕಿತ್ತು, ನನಗೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಆದರೆ ಮಧ್ಯಾಹ್ನ ಬಂದರೆ ಅದು ತೂಕಡಿಸುತ್ತಿತ್ತು, ಎಚ್ಚರಾಗುತ್ತಿತ್ತು, ಅಷ್ಟೆ. ಬಾಯಿ ಬಿಡಲಿಲ್ಲ. ಆ ತಿಂಗಳು ಬಂದ ಉಳಿದ ಕುದುರೆಗಳಿಗೆ ಹೇಗೋ ಮನೆ ಸಿಕ್ಕಿತು. ಒಂದನ್ನು ಕುಂಬಾರರು ಒಯ್ದರು, ಇನ್ನೊಂದು ಶಾಲೆಯ ಮಾಸ್ತರರ ದನಿ ಹಿಡಿದು ಮಗ್ಗಿ ಹೇಳತೊಡಗಿತು. ಉಳಿದದ್ದು ಬೂದವ್ವ ಒಂದೇ. ಕುಂಬಾರರು ಬಂದಾಗ ಅದನ್ನೂ ತೋರಿಸಬಹುದಿತ್ತು. ನಾನು ತೋರಿಸಲಿಲ್ಲ, ಹಿಂದಿನ ಗೋಡೆಯ ಕಡೆಗೆ ಕಟ್ಟಿದ್ದೆ.

ಅಮಾವಾಸ್ಯೆಯ ದಿನ ಸಂಗಣ್ಣ ಬಿಸಿಲೇರುವ ಮೊದಲೇ ಬಂದು ಲಾರಿ ನಿಲ್ಲಿಸಿದ. ಕುದುರೆಯ ಮಧ್ಯಾಹ್ನದ ನಿದ್ದೆ ಮುಗಿಯುವವರೆಗೆ ಕಾಯಬೇಕೆಂಬುದು ಕಟ್ಟಳೆ. ಊಟದ ಹೊತ್ತಾದಾಗ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ. ಬೂದವ್ವನ ಕಡೆ ಬೆರಳು ತೋರಿಸಿ, ಮಾತಾಡಿತೇ ಎಂದು ಸನ್ನೆಯಲ್ಲಿ ಕೇಳಿದ. ನಾನು ತಲೆ ಅಲ್ಲಾಡಿಸಿದೆ. ಪಾಪ, ಅವನೂ ಮುಖ ಸಪ್ಪಗೆ ಮಾಡಿಕೊಂಡ. ಲಾರಿಯ ಹಿಂದಿನ ಹಲಗೆ ಆಗಲೇ ಇಳಿಸಿಯಾಗಿತ್ತು.

ಕಸ್ತೂರಿಯನ್ನು ಕೂರಿಸಿದರೆ ಸಾಕಿತ್ತು. ಅವಳ ದನಿಯನ್ನು ಅರ್ಧ ದಿನದಲ್ಲಿ ಹಿಡಿದ ಕುದುರೆಗಳಿವೆ. ಅದು ನನಗೆ ಗೊತ್ತಿತ್ತು, ಅಡಿಗೆಮನೆಯಲ್ಲಿ ಕಾಯಿ ಹೆಚ್ಚುತ್ತ ಲಾರಿಯ ಸದ್ದು ಕೇಳಿಸಿಕೊಂಡ ಅವಳಿಗೂ ಗೊತ್ತಿತ್ತು. ಆದರೆ ಅವಳು ಹೊರಗೆ ಬರಲಿಲ್ಲ, ನಾನು ಬರಬೇಡ ಎಂದಿದ್ದೆನಲ್ಲ. ಸುಳ್ಳು ಯಾಕೆ ಹೇಳಲಿ, ಹೋದರೆ ಹೋಗಲಿ, ಇದೂ ಅವಳದಾಗುವುದು ಬೇಡ ಎಂದು ಒಂದು ಗಳಿಗೆ ಅನಿಸಿತು. ಇಡೀ ಒಂದು ಗಳಿಗೆ. ಬೂದವ್ವ ನನ್ನ ಸೆರಗಿನ ತುದಿ ಬಾಯಲ್ಲಿ ಹಿಡಿದು ಮೆಲ್ಲಗೆ ಅಗಿಯುತ್ತ ನಿಂತಿತ್ತು. ಸೆರಗು ಬಿಡಿಸಿಕೊಂಡು ಓಡಿದೆ.

"ಕಸ್ತೂರಿ, ಬಾ."

"ಎಲ್ಲಿಗೆ?"

"ಎಲ್ಲಿಗೆ ಅಂತ ಕೇಳತಿಯಲ್ಲಾ! ಅದರ ಮುಂದ ಕುಂತು ಮಾತಾಡ. ಬಾಯಿ ಇರೂದ್ಯಾಕ ನಿನಗ?"

"ನಿನ್ನ ಕುದುರಿ ಅದು" ಎಂದಳು ಕಸ್ತೂರಿ. ಈಳಿಗೆ ಮಣೆಯಿಂದ ಏಳಲಿಲ್ಲ.

"ಸಾಯತೈತಿ ಅದು! ನಿನ್ನದಾರ ಆಗ್ಲಿ, ಯಾರದಾರ ಆಗ್ಲಿ. ಏಳ, ನಿನ್ನ ಕಾಲ ಹಿಡೀತೇನಿ."

ಎದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನಗಿಂತ ಮುಂದಾಗಿ ಓಡಿದಳು. ನಾವು ಹೋಗುವ ಹೊತ್ತಿಗೆ ಬೂದವ್ವನ ಹಿಂಗಾಲು ಸಡಿಲವಾಗಿತ್ತು, ಕಣ್ಣು ಮುಚ್ಚಿತ್ತು. ಲಾರಿ ನೋಡಿ ಬೀದಿಯವರು ನಾಲ್ಕಾರು ಜನ ಬಾಯಿಗೆ ಅರಿವೆ ಹಿಡಿದು ಬಂದು ನಿಂತಿದ್ದರು. ಗಾಣದ ಸೊಸೆ ಇದ್ದಳು, ನಿಂಗೋಜಿ ಇದ್ದ. ಕಸ್ತೂರಿ ಚೀಲದ ಮೇಲೆ ಕೂತು, ಮಾತಾಡಲೆಂದು ಬಾಯಿ ತೆರೆದಳು. ಅವಳು ಒಂದಕ್ಷರ ಆಡುವ ಮೊದಲೇ ಬೂದವ್ವನ ಜೋತ ತುಟಿ ಅಲುಗಿತು.

"ಅಕಿ ನಡಿಗಿ ನೋಡ" ಎಂದಿತು. ಒಡಕು ದನಿ, ಒಣ ದನಿ. ನನ್ನದು.

ಕಣ್ಣಲ್ಲಿ ನೀರು ಬಂತು. ಬದುಕಿತು ಎಂದು ಕೂಗಬೇಕೆನ್ನುವಷ್ಟರಲ್ಲಿ ಅದು ಮುಂದುವರಿಸಿತು.

"ಹಸರು ಸೀರಿ ಉಟ್ಟಾಳ. ಎಲ್ಲಾ ಬಣ್ಣಾನೂ ಒಪ್ಪತಾವ ಮೂಳಿಗೆ. ನಕ್ಕರ ಎಡಗಲ್ಲಕ್ಕಷ್ಟ ಗುಳಿ ಬೀಳತೈತಿ, ಬಲಕ್ಕ ಬೀಳಂಗಿಲ್ಲ. ಯಾರೂ ಇಲ್ಲ ಅಂದಾಗ ಹಾಡತಾಳ, ನಾ ಬಂದ ಸಪ್ಪಳಾದ್ರ ನಿಲ್ಲಸತಾಳ. ಯಾಕ ನಿಲ್ಲಸಬೇಕು? ಸುಟ್ಟ ಬರಲಿ ಅಕಿಗೆ. ಗಂಡ ಸತ್ತಾಗ ಜನದ ಮುಂದ ಒಂದ ಹನಿ ಅಳಲಿಲ್ಲ. ಆಮ್ಯಾಲೆ ಹಿತ್ತಲದಾಗ ಕುರುಡ ಕುದುರಿ ಕೊರಳಿಗೆ ಬಿದ್ದು ಅತ್ತಳು. ಗೋಡಿ ಹಿಂದ ನಿಂತ ನೋಡೇನಿ ನಾ. ನಾ ಇದ್ದಿಲ್ಲೇನ ಮನ್ಯಾಗ? ನನ್ನ ಕೊರಳಿಗೆ ಯಾಕ ಬೀಳಲಿಲ್ಲ?"

ಗಾಣದ ಸೊಸೆಯ ಕೈಯಿಂದ ಅರಿವೆ ಜಾರಿಬಿತ್ತು. ಸಂಗಣ್ಣ ಬುತ್ತಿ ಕಟ್ಟಿಕೊಂಡು, ತಲೆ ತಗ್ಗಿಸಿ, ಸದ್ದಾಗದಂತೆ ಲಾರಿಯ ಹಲಗೆ ಏರಿಸಿದ. ಬೂದವ್ವ ಒಮ್ಮೆ ಸೀನಿ ಎಚ್ಚರಾಯಿತು. ಕಸ್ತೂರಿ ಚೀಲದ ಮೇಲೆ ಹಾಗೇ ಕೂತಿದ್ದಳು. ನಾನು ಅವಳ ಮುಖ ನೋಡಲಿಲ್ಲ, ಮೇವಿನ ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡೆ.

ಜನರೆಲ್ಲ ಹೋದ ಮೇಲೆ ಅವಳು ಬಂದು ಬಾಗಿಲ ಆಚೆ ಕೂತಳು. ಬಳೆಯ ಸದ್ದಿನಿಂದ ತಿಳಿಯಿತು.

"ಯಕ್ಕಾ, ಬೂದವ್ವನ್ನ ನನಗ ಕೊಡ."

"ಯಾಕ? ಇದ್ದದ್ದು ಸಾಲಂಗಿಲ್ಲೇನ?"

"ಅವೆಲ್ಲಾ ನಾ ಆಡಿದ ಮಾತನ್ನ ನನಗ ತಿರುಗಿ ಹೇಳತಾವ. ನನ್ನ ಮಾತು ನಾನ ಕೇಳಿ ಕೇಳಿ ತಲಿ ಚಿಟ್ಟ ಹಿಡದೈತಿ. ನಾ ಹೆಂಗ ನಗತೇನಿ, ಎಲ್ಲಿ ಕುಂತು ಅಳತೇನಿ ಅಂತ ನನ್ನ ಗಂಡಗ ಗೊತ್ತಿದ್ದಿಲ್ಲ, ನನ್ನ ಹಡದಾಕಿಗೂ ಗೊತ್ತಿದ್ದಿಲ್ಲ. ಇದಕ್ಕೊಂದಕ್ಕ ಗೊತ್ತೈತಿ. ನನಗ ಬೇಕದು. ಕೊಡ."

ಎಷ್ಟೋ ಮನೆಗಳ ಬಾಗಿಲು ತಟ್ಟಿ, ಒಲ್ಲದವರ ಕೈಯಲ್ಲಿ ಹಗ್ಗ ಇಟ್ಟು ಬಂದವಳು ನಾನು. ಇಷ್ಟು ಬಾಯಿಬಿಟ್ಟು ಬೇಡಿದವರು ಯಾರೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಮನೆ ಬೂದವ್ವನಿಗೆ ಸಿಗುತ್ತಿರಲಿಲ್ಲ.

"ಕೊಡಂಗಿಲ್ಲ" ಎಂದೆ.

"ಒಂದ ಲಾಯದಾಗಿನ ಕುದುರಿ. ಈ ಗೂಟದ್ದು ಬಿಚ್ಚಿ ಆ ಗೂಟಕ್ಕ ಕಟ್ಟೂದು, ಅಷ್ಟ."

"ಆದ್ರೂ ಕೊಡಂಗಿಲ್ಲ. ನನ್ನ ದನಿ, ನನ್ನ ಕುದುರಿ."

ಆಚೆ ಅವಳು ನಕ್ಕಳೋ ಮೂಗು ಒರೆಸಿಕೊಂಡಳೋ, ಬಾಗಿಲ ಸಂದಿಯಿಂದ ಕಾಣಲಿಲ್ಲ. "ಕೇಳಾಕರ ಬರಬೇಕೋ ಬ್ಯಾಡೋ?" ಎಂದಳು.

"ಬಾ. ಆದ್ರ ಬಾಯಿ ತಗೀಬ್ಯಾಡ. ಒಂದ ಮಾತಾಡಿದ್ಯೋ, ಇದೂ ನಿನ್ನ ಪಾಲಾಗತೈತಿ."

ಅಂದಿನಿಂದ ದಿನಾ ಮಧ್ಯಾಹ್ನ ಬರುತ್ತಾಳೆ. ಮೊರವನ್ನು ಪಕ್ಕಕ್ಕಿಟ್ಟು, ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಬೂದವ್ವನ ಎದುರಿಗೆ ಕೂರುತ್ತಾಳೆ. ಒಂದು ದಿನ ಅದು ನನ್ನ ದನಿಯಲ್ಲಿ ಅವಳನ್ನು ಬೈಯುತ್ತದೆ, ಒಂದು ದಿನ ಅವಳ ಜಡೆಯ ಮಾತಾಡುತ್ತದೆ. ಬೈದರೂ ಅವಳು ತುಟಿ ಬಿಚ್ಚುವುದಿಲ್ಲ. ನಾನು ಮೇವಿನ ಕೋಣೆಯ ಬಾಗಿಲಲ್ಲಿ ನಿಂತು ಕಾಯುತ್ತೇನೆ, ಎಲ್ಲಿ ಒಂದು ಮಾತು ಆಡಿಬಿಡುತ್ತಾಳೋ ಎಂದು. ಆಡುವುದಿಲ್ಲ. ಈ ಲಾಯದಲ್ಲಿ ನಾನು ಒಂದು ಜೀವಮಾನವಿಡೀ ತುಟಿ ಬಿಗಿದು ನಿಂತಿದ್ದೆ, ಯಾವ ಕುದುರೆಯೂ ಹತ್ತಿರ ಸರಿದು ಬಂದಿರಲಿಲ್ಲ. ಅವಳು ಹೀಗೆ ಕೈಕಟ್ಟಿ ಕೂತರೆ ಬೂದವ್ವ ನಿದ್ದೆಯಲ್ಲೇ ಕತ್ತು ಬಾಗಿಸಿ ಅವಳ ಹೆಗಲ ಮೇಲೆ ಮೂತಿ ಇಡುತ್ತದೆ. ಸುಮ್ಮನಿರುವುದನ್ನೂ ಅವಳು ನನಗಿಂತ ಚೆನ್ನಾಗಿ ಮಾಡುತ್ತಾಳೆ.